ಇನ್ನೊಂಚೂರು ಕೂಡ್ಲಿಗಿ ಕಡಿಗೆ

ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತರೆ ಐದು ಊರು ಕಾಣುತ್ತಿದ್ದವು ಎಂದು ನಾನು ಹೇಳಿದರೆ ನಂಬಬೇಡಿ. ಕಾಣುತ್ತಿದ್ದದ್ದು ಶೇಂಗಾ ಹೊಲ, ಜಾಲಿ ಗಿಡ, ಮೇಯುವ ಕುರಿ, ಅಷ್ಟೇ. ಆದರೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಗರಗರ ತಿರುಗಿಸಿ ನಿಲ್ಲಿಸಿದರೂ ಯಾವ ಊರು ಯಾವ ಕಡೆ ಎಂದು ಕೈ ಮಾಡಿ ತೋರಿಸುತ್ತಿದ್ದೆ. ಹೊತ್ತು ಹುಟ್ಟುವ ಕಡೆ ಮುಖ ಮಾಡಿದರೆ ಎದುರಿಗೆ ಕೂಡ್ಲಿಗಿ, ಎಡಗೈಗೆ ಹಗರಿಬೊಮ್ಮನಹಳ್ಳಿ, ಬಲಗೈಗೆ ಕೊಟ್ಟೂರು. ಬೆನ್ನ ಹಿಂದೆ ಎಡ ಹೆಗಲ ಕಡೆ ಹಡಗಲಿ, ಬಲ ಹೆಗಲ ಕಡೆ ಹರಪನಹಳ್ಳಿ. ಪೂರ್ವ, ಪಶ್ಚಿಮ, ಆಗ್ನೇಯ, ವಾಯವ್ಯ ಎಂಬ ಮಾತುಗಳು ಸಾಲಿಯ ಪುಸ್ತಕದಲ್ಲಿದ್ದವು. ನಮ್ಮ ಮನೆಯಲ್ಲಿ ದಿಕ್ಕು ಎಂದರೆ ಈ ಐದು ಊರು. ಹೀಗೆ ಮಾಡಿದ್ದು ದೇವರೂ ಅಲ್ಲ, ಮಾಸ್ತರೂ ಅಲ್ಲ, ಟಿ.ವಿ. ಕಂಬ.

ಕೂಡ್ಲಿಗಿ ಕಡೆಯ ಗುಡ್ಡದ ಮೇಲೆ ಸರಕಾರದವರು ಟಿ.ವಿ. ಕೇಂದ್ರ ಕಟ್ಟುತ್ತಾರಂತೆ ಎಂಬ ಸುದ್ದಿ ಬಂದಾಗ ಐದೂರಿನವರೂ ಅದು ನಮ್ಮದು ಎಂದರು. ಕೊಟ್ಟೂರಿನವರು ನಮ್ಮಲ್ಲಿ ರೈಲು ಐತಿ, ನಮ್ಮಲ್ಲೇ ಕಟ್ಟಬೇಕಿತ್ತು ಎಂದು ಸಿಟ್ಟಾದರು. ಹಡಗಲಿಯವರು ನಮ್ಮ ತನಕ ಬರುತ್ತದೋ ಇಲ್ಲವೋ ಎಂದು ಅನುಮಾನಪಟ್ಟರು. ಹರಪನಹಳ್ಳಿಯವರಿಗಂತೂ ಕೊನೆಯವರೆಗೂ ಗೆರೆ ಮತ್ತು ಚುಕ್ಕಿ ಬಿಟ್ಟು ಬೇರೇನೂ ಸರಿಯಾಗಿ ಕಾಣಲಿಲ್ಲ. ನಮ್ಮೂರು ತಗ್ಗಿನಲ್ಲಿತ್ತು. ನಮ್ಮ ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ, ಮನೆಯ ಯಜಮಾನ, ಆ ವರ್ಷ ಕುರಿ ಮಾರಿ ಬಾಗಿಲಿದ್ದ ಟಿ.ವಿ. ತಂದ. ಊರಿಗೆಲ್ಲ ಅದೊಂದೇ. ಅಂಗಡಿಯವನು ಮಾಳಿಗೆಯ ಮೇಲೆ ಆಂಟೆನಾದ ಕಂಬ ನೆಟ್ಟು, ತಂತಿ ಇಳಿಸಿ, ಚಹಾ ಕುಡಿದು ಹೋದ. ಅವನ ಬಸ್ಸು ಊರು ದಾಟುವುದರೊಳಗೆ ಗಾಳಿ ಬೀಸಿ ಕಂಬ ತಿರುಗಿತು, ಚಿತ್ರ ಹೋಯಿತು.

ನಮ್ಮ ಮನೆಯನ್ನು ಸ್ವಲ್ಪ ಹೇಳಬೇಕು. ಮಣ್ಣಿನ ಮಾಳಿಗೆ ಮನೆ. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರಕ್ಕೆ ಪಡಸಾಲೆ, ಅದರಾಚೆ ಅಡುಗೆ ಮನೆ, ಮೂಲೆಯಲ್ಲಿ ದೇವರ ಗೂಡು. ಕಿಟಕಿ ಎಂಬುದು ಇರಲಿಲ್ಲ. ಮಾಳಿಗೆಯಲ್ಲಿ ಕೊಡ ಹಿಡಿಯುವಷ್ಟು ದೊಡ್ಡದೊಂದು ತೂತು, ಅದೇ ಗವಾಕ್ಷಿ. ಮಳೆ ಬಂದರೆ ಮೇಲೆ ಹತ್ತಿ ತಗಡು ಮುಚ್ಚುವುದು, ನಿಂತರೆ ತೆಗೆಯುವುದು. ಬೆಳಕು ಅದರಿಂದಲೇ ಒಳಗೆ, ಒಲೆಯ ಹೊಗೆ ಅದರಿಂದಲೇ ಹೊರಗೆ. ಟಿ.ವಿ. ಬಂದ ಮೇಲೆ ಮಾತೂ ಅದರಿಂದಲೇ ಓಡಾಡತೊಡಗಿತು. ಕಂಬವನ್ನು ಮಾಳಿಗೆಯ ಮೇಲೆ ಒಂದು ಒಡೆದ ಒರಳಿನ ಕುಳಿಯಲ್ಲಿ ನಿಲ್ಲಿಸಿ ಸುತ್ತ ಹಳೆಯ ಕಂಬಳಿಯ ಚೂರು ತುರುಕಿದ್ದರು. ಗಾಳಿಗೆ ಅದು ತಿರುಗುವುದು, ಒಬ್ಬರು ಮೇಲೆ ಹೋಗಿ ಹಿಡಿಯುವುದು. ಆ ಒಬ್ಬರು ನಾನು. ದೊಡ್ಡಪ್ಪನ ಮಗ ಈರಣ್ಣ ನನಗಿಂತ ದೊಡ್ಡವನಾದರೂ ಮೈಗಳ್ಳ. ಅವನಿಗೆ ಎಡ ಬಲವೇ ತಿಳಿಯುತ್ತಿರಲಿಲ್ಲ, ಇನ್ನು ಹಡಗಲಿ ಹರಪನಹಳ್ಳಿ ಎಲ್ಲಿ ತಿಳಿದೀತು? ಕೆಳಗಿನಿಂದ ದೊಡ್ಡಪ್ಪ ಗವಾಕ್ಷಿಯ ಕಡೆ ಮುಖ ಎತ್ತಿ ಕೂಗುತ್ತಿದ್ದ:

"ಗಂಗೀ, ಹಗರಿಬೊಮ್ಮನಹಳ್ಳಿಗೆ ಹೋತಲೇ! ವಾಪಸ್ ತಾ!"

"ಈಗ?"

"ಬಂತು, ಬಂತು... ಹೋತು! ಇನ್ನೊಂಚೂರು ಕೂಡ್ಲಿಗಿ ಕಡಿಗೆ!"

"ಈಗ ನೋಡು ದೊಡ್ಡಪ್ಪ!"

"ಹಾಂ! ಮುಖ ಬಂತು! ಅಲ್ಲೇ ನಿಲ್ಲು, ಅಲುಗ್ಯಾಡಿದ್ರ ಕಾಲು ಮುರಿತೀನಿ!"

ಅಲ್ಲೇ ನಿಲ್ಲುತ್ತಿದ್ದೆ. ಊರೆಲ್ಲ ಕೆಳಗೆ ಕುಳಿತು ನೋಡಿದ ಎಷ್ಟೋ ಕಾರ್ಯಕ್ರಮಗಳನ್ನು ನಾನು ನೋಡಿಲ್ಲ, ಕೇಳಿದ್ದೇನೆ. ಅದರಲ್ಲೂ ಹಿಂದಿಯಲ್ಲಿ. ನಮ್ಮ ಕೇಂದ್ರ ಆಗ ದಿಲ್ಲಿಯಿಂದ ಬಂದದ್ದನ್ನು ಐದೂರಿಗೆ ಹಂಚುತ್ತಿತ್ತೇ ಹೊರತು ತಾನಾಗಿ ಒಂದು ಮಾತು ಆಡುತ್ತಿರಲಿಲ್ಲ. ತಿಳಿಯದ ಮಾತನ್ನು ಊರೆಲ್ಲ ಬಾಯಿ ಬಿಟ್ಟು ಕೇಳುತ್ತಿತ್ತು. ನಮ್ಮಜ್ಜಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಸುದ್ದಿ ಓದುವ ಹೆಣ್ಣುಮಗಳ ಮುಖ ನೋಡಿಯೇ, ಪಾಪ, ಇಕಿ ಅತ್ತಿ ಭಾಳ ಜೋರದಾಳ ಎಂದು ತೀರ್ಪು ಕೊಡುತ್ತಿದ್ದಳು. ಅಡುಗೆ ಮನೆಯಲ್ಲಿ ಬೇರೆ ಜಗಳ. ಚಿತ್ರ ಶುರುವಾಗುವುದರೊಳಗೆ ರೊಟ್ಟಿ ಮುಗಿಯಬೇಕು. ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಬಾಗಿಲ ಸಂದಿಯಿಂದ ನೋಡಬೇಕು. ಗಂಡಸರು ಕೂತ ಪಡಸಾಲೆಗೆ ಅವಳು ಬರುವಂತಿರಲಿಲ್ಲ. ಭಾವನ ಎದುರಿಗೆ ತಲೆಯ ಮೇಲಿನ ಸೆರಗು ಸರಿಯುವಂತಿರಲಿಲ್ಲ. ಅಪ್ಪ ಕುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಹೊರಗೆ. ಅವನಿದ್ದಾಗ ನಗುತ್ತಿದ್ದ ಅವ್ವ ಅವನು ಹೋದ ಮೇಲೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು.

ನಾನು ಕೊಟ್ಟೂರಿನ ಹೈಸ್ಕೂಲಿಗೆ ಸೇರಿದ ವರ್ಷ ನಮ್ಮ ವಿಜ್ಞಾನದ ಮಾಸ್ತರು ಮಕ್ಕಳನ್ನು ಆ ಕೇಂದ್ರ ತೋರಿಸಲು ಕರೆದುಕೊಂಡು ಹೋದರು. ಹುಡುಗಿಯರೆಲ್ಲ ಹೂ ಮುಡಿದು ಬಂದಿದ್ದೆವು. ಒಳಗೆ ಸುದ್ದಿ ಓದುವವಳು ಇರುತ್ತಾಳೆ, ಹಾಡುವವರು ಇರುತ್ತಾರೆ, ನಮ್ಮನ್ನೂ ಟಿ.ವಿ.ಯಲ್ಲಿ ತೋರಿಸುತ್ತಾರೆ ಎಂಬ ಹುಚ್ಚು. ಒಳಗೆ ಹೋದರೆ ಏನಿತ್ತು ಹೇಳಿ? ತಣ್ಣನೆಯ ಕೋಣೆ, ಗುಂಯ್ ಎನ್ನುವ ಬೀರುಗಳು, ಬಿಸಿಲುಗಾಲದಲ್ಲೂ ಸ್ವೆಟರ್ ಹಾಕಿಕೊಂಡ ಒಬ್ಬ ಸಾಹೇಬರು. ಹುಡುಗಿಯರ ಮುಖ ಸಪ್ಪಗಾಯಿತು. ನನಗೆ ಆಗಲಿಲ್ಲ. ನಾನು ದಿನಾ ಕಂಬ ತಿರುಗಿಸಿ ಹುಡುಕುತ್ತಿದ್ದದ್ದು ಇಲ್ಲಿಂದ ಹೊರಡುತ್ತದೆ ಎಂಬುದೇ ಮೈ ಜುಮ್ಮೆನ್ನಿಸಿತು. ಹೆಣ್ಣುಮಕ್ಕಳು ಇಲ್ಲಿ ಕೆಲಸ ಮಾಡಬಹುದಾ ಸಾರ್ ಎಂದು ಕೇಳಿಬಿಟ್ಟೆ. ಗಂಡುಹುಡುಗರು ಕಿಸಕ್ ಎಂದರು. ಸಾಹೇಬರು ನಗಲಿಲ್ಲ.

"ಮೊದ್ಲು ಹತ್ತನೇ ಕ್ಲಾಸು ಪಾಸಾಗು. ಆಮೇಲೆ ಯಾರು ಬ್ಯಾಡ ಅಂತಾರೋ ನೋಡೋಣ."

ಆ ಮಾತನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದೆ. ಹತ್ತನೇ ಕ್ಲಾಸು. ಬೇರೆ ಏನೂ ಬೇಡ, ಬಂಗಾರ ಬೇಡ, ರೇಷ್ಮೆ ಸೀರೆ ಬೇಡ. ಆದರೆ ಒಂಬತ್ತನೆಯ ತರಗತಿಯ ನಡುವೆ ನಾನು ಮೈನೆರೆದೆ. ಮೂಲೆಯಲ್ಲಿ ಕೂರಿಸಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು, ಆರತಿ ಎತ್ತಿದರು, ಹಾಡು ಹೇಳಿದರು. ಎಲ್ಲ ಮುಗಿದು ನಾನು ಎಂದಿನಂತೆ ಹಿತ್ತಲಿನ ಏಣಿಗೆ ಕಾಲಿಟ್ಟರೆ ದೊಡ್ಡಪ್ಪ ಹಿಂದಿನಿಂದ ಗದರಿದ.

"ಎಲ್ಲಿಗೆ? ಕೆಳಗ ಗಂಡಸ್ರು ಕುಂತಿರ್ತಾರ, ದೇವ್ರ ಗೂಡು ಐತಿ. ಅವರ ತಲಿ ಮ್ಯಾಲೆ ತಿರುಗ್ಯಾಡ್ತಿಯೇನು? ಇಳಿ!"

"ಮೊನ್ನಿ ತನಕ ತಿರುಗ್ಯಾಡಿದ್ನಲ್ಲ ದೊಡ್ಡಪ್ಪ?"

"ಮೊನ್ನಿ ಬ್ಯಾರೆ, ಇವತ್ತು ಬ್ಯಾರೆ. ಸಾಲಿನೂ ಸಾಕು. ಓದಿ ಯಾವ ಊರು ಉದ್ಧಾರ ಮಾಡಬೇಕಾಗೈತಿ?"

ಏಣಿಯೂ ಹೋಯಿತು, ಸಾಲಿಯೂ ಹೋಯಿತು. ಎರಡನ್ನೂ ಒಂದೇ ಉಸಿರಿನಲ್ಲಿ ಕಿತ್ತುಕೊಂಡರು. ನನ್ನ ಮೈಯಲ್ಲಿ ಏನಾಯಿತೋ ಅದಕ್ಕೂ ಟಿ.ವಿ. ಕಂಬಕ್ಕೂ ಏನು ಸಂಬಂಧ? ಯಾರೂ ಹೇಳಲಿಲ್ಲ. ಕೇಳಿದರೆ, ಪದ್ಧತಿ. ನಮ್ಮ ಮನೆಯಲ್ಲಿ ಉತ್ತರ ಗೊತ್ತಿಲ್ಲದಿದ್ದಾಗ ಪದ್ಧತಿ ಎನ್ನುವುದು ಪದ್ಧತಿ. ಈರಣ್ಣ ಮೇಲೆ ಹತ್ತತೊಡಗಿದ. ಕೂಡ್ಲಿಗಿ ಎಂದರೆ ಕೊಟ್ಟೂರಿಗೆ ತಿರುಗಿಸುತ್ತಿದ್ದ, ಕೊಟ್ಟೂರು ಎಂದರೆ ಹಡಗಲಿಗೆ. ಊರಿನ ಜನ ಅರ್ಧ ಮುಖ ನೋಡಿ ಗೊಣಗಿಕೊಂಡು ಮನೆಗೆ ಹೋಗುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಅನುಭವಿಸಲಿ ಎಂದುಕೊಳ್ಳುತ್ತಿದ್ದೆ. ಆದರೆ ಆ ಖುಷಿಯಿಂದ ಸಾಲಿಯ ಬಸ್ಸೇನೂ ಹತ್ತಿದ ಹಾಗಾಗಲಿಲ್ಲ.

ಅದೇ ಹೊತ್ತಿಗೆ ಹರಪನಹಳ್ಳಿ ಕಡೆಯಿಂದ ಸಂಬಂಧ ಬಂತು. ಹುಡುಗನಿಗೆ ಕರೆಂಟ್ ಆಫೀಸಿನಲ್ಲಿ ನೌಕರಿ. ನಮ್ಮ ಕುರಿ ಕಾಯುವ ಮನೆತನಗಳಲ್ಲಿ ಸರಕಾರಿ ನೌಕರಿಯ ಅಳಿಯ ಎಂದರೆ ತಲೆಯ ಮೇಲೆ ಹೊತ್ತು ಮೆರೆಸುವಂಥ ಸಂಗತಿ. ನೋಡಲು ಬರುವುದಕ್ಕೆ ಅವರು ಆರಿಸಿಕೊಂಡದ್ದು ಒಂದು ಭಾನುವಾರ ಸಂಜೆ. ಯಾಕೆ ಗೊತ್ತೇ? ಅವತ್ತು ನಮ್ಮ ಕೇಂದ್ರದಿಂದ ಮೊದಲ ಸಲ ಕನ್ನಡ ಸಿನಿಮಾ ಬರುವುದಿತ್ತು. ಅವರ ಊರಲ್ಲಿ ಬರೀ ಚುಕ್ಕಿ. ಹುಡುಗಿ ನೋಡಿದಂಗೂ ಆಯ್ತು, ಸಿನಿಮಾ ನೋಡಿದಂಗೂ ಆಯ್ತು ಎಂದು ಹುಡುಗನ ಅಪ್ಪ ಬಾಯಿ ಬಿಟ್ಟೇ ಹೇಳಿದರು. ಮಧ್ಯಾಹ್ನದಿಂದಲೇ ನಮ್ಮ ಮನೆ ತುಂಬತೊಡಗಿತು. ಅಪ್ಪ ಇನ್ನೂ ಕುರಿಗಳ ಜೊತೆ ಹೊರಗೇ ಇದ್ದ, ಮಾತೆಲ್ಲ ದೊಡ್ಡಪ್ಪನದೇ. ಪಡಸಾಲೆಯಲ್ಲಿ ಜಮಖಾನ ಹಾಸಿ ಬೀಗರಾಗುವವರನ್ನು ಕೂರಿಸಿದರು. ಊರಿನವರು ಬಾಗಿಲು, ಅಂಗಳ, ಕಟ್ಟೆ, ಎತ್ತಿನ ಬೆನ್ನು ಎಲ್ಲ ಕಡೆ ಏರಿ ಕುಳಿತರು. ನನಗೆ ಅವ್ವನ ಮದುವೆಯ ಸೀರೆ ಉಡಿಸಿದರು. ತಟ್ಟೆಯಲ್ಲಿ ಮಂಡಕ್ಕಿ, ಮಿರ್ಚಿ ಇಟ್ಟುಕೊಂಡು ಹೋಗಿ ತಲೆ ಬಗ್ಗಿಸಿ ನಿಂತು ಬಂದೆ. ಹುಡುಗ ನನ್ನನ್ನು ನೋಡಿದನೋ ಟಿ.ವಿ.ಯನ್ನು ನೋಡಿದನೋ ಇವತ್ತಿಗೂ ಹೇಳಲಾರೆ. ಒಳಗೆ ಬಂದು ಬಾಗಿಲ ಮರೆಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಾಗ ಹುಡುಗನ ಅಪ್ಪನ ಮಾತು ಕೇಳಿಸಿತು:

"ಹುಡುಗಿ ಲಕ್ಷಣವಾಗೈತೆ ಬಿಡ್ರಿ. ಕಾರ್ತೀಕದಲ್ಲೇ ಮುಗಿಸಿಬಿಡಾಣ."

"ಆಗ್ಲಿ ಬಿಡ್ರಿ, ನಮ್ದೇನೈತಿ!" ಎಂದ ದೊಡ್ಡಪ್ಪ.

ನಮ್ದೇನೈತಿ! ನನ್ನದು ಎಲ್ಲಾ ಇತ್ತು ಅಲ್ಲಿ. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಸಿನಿಮಾ ಶುರುವಾಯಿತು. ಟಿ.ವಿ.ಯ ಒಳಗಿನಿಂದ ಕನ್ನಡದ ಮಾತು ಬಂದದ್ದೇ ತಡ, ಊರಿಗೆ ಊರೇ ಹೋ ಎಂದಿತು. ನಮ್ಮಜ್ಜಿ ಕಣ್ಣೊರೆಸಿಕೊಂಡಳು. ಹೋ ಎಂದ ಬಾಯಿ ಮುಚ್ಚುವ ಮುಂಚೆ ಗಾಳಿ ಎದ್ದಿತು, ಚಿತ್ರ ನೀರಿನ ಹಾಗೆ ಕದಡಿ ಹೋಯಿತು. ಈರಣ್ಣ ಏಣಿ ಹತ್ತಿ ಹೋದ. ಕೆಳಗಿನಿಂದ ಹತ್ತು ಬಾಯಿ ಹತ್ತು ಊರು ಕೂಗಿದವು. ಅವನು ಕಂಬವನ್ನು ಬೀಸುವ ಕಲ್ಲಿನಂತೆ ಸುತ್ತಿಸುತ್ತಿದ್ದ. ಗೆರೆ, ಚುಕ್ಕಿ, ಗರ್ ಎಂಬ ಸದ್ದು. ಅಂಗಳದಿಂದ ಯಾರೋ ಕೂಗಿದರು:

"ಗಂಗಿನ್ನ ಹತ್ತಸ್ರಿ ಯಜಮಾನ್ರ! ಸಿನಿಮಾ ಹೊಂಟುಹೋಕ್ಕೈತಿ!"

"ಆಕಿ ಹತ್ತಂಗಿಲ್ಲ," ಎಂದ ದೊಡ್ಡಪ್ಪ.

ಆಗ ಅವ್ವ ನನ್ನ ಕೈಯಲ್ಲಿದ್ದ ತಟ್ಟೆಯನ್ನು ತೆಗೆದುಕೊಂಡಳು. ನನ್ನ ಮುಖ ನೋಡಲಿಲ್ಲ. ತಟ್ಟೆ ಕೆಳಗಿಟ್ಟು ಅಷ್ಟೇ ಮೆತ್ತಗೆ ಹೇಳಿದಳು:

"ಸೀರಿ ಎತ್ತಿ ಕಟ್ಟಿಗ್ಯ. ಏಣಿ ಮ್ಯಾಲೆ ಜಾರೀತು."

ನಾನು ಹಿತ್ತಲಿಗೆ ಓಡಿದೆ. ಕಚ್ಚೆ ಹಾಕಿ ಏಣಿ ಹತ್ತಿದೆ. ಈರಣ್ಣನನ್ನು ಸರಿಸಿದೆ, ಅವನಿಗೂ ಸಾಕಾಗಿತ್ತು, ತಾನಾಗಿಯೇ ಇಳಿದುಹೋದ. ಕಂಬ ಹಿಡಿದು ಎದುರಿಗೆ ನೋಡಿದೆ. ಇನ್ನೊಂಚೂರು ಕೂಡ್ಲಿಗಿ ಕಡೆಗೆ. ಕೆಳಗೆ ಮನೆ ನಡುಗುವ ಹಾಗೆ ಚಪ್ಪಾಳೆ ಬಿತ್ತು. ಗವಾಕ್ಷಿಯಲ್ಲಿ ಬಗ್ಗಿ ನೋಡಿದರೆ ಎಲ್ಲರ ನೆತ್ತಿ ಕಾಣುತ್ತಿತ್ತು. ದೊಡ್ಡಪ್ಪನ ರುಮಾಲು, ಹುಡುಗನ ಎಣ್ಣೆ ಹಚ್ಚಿದ ಕ್ರಾಪು, ಅವನಪ್ಪನ ಬೋಳು. ಹಾಯಾಗಿ ಕೂತಿದ್ದರು. ನನ್ನ ಕೈಯಿಂದ ಸಿನಿಮಾ ನೋಡಿ, ಕಾರ್ತೀಕದಲ್ಲಿ ನನ್ನನ್ನು ಕಟ್ಟಿ ಒಯ್ಯುವವರು. ಕಂಬವನ್ನು ಹರಪನಹಳ್ಳಿಗೆ ತಿರುಗಿಸಿಬಿಟ್ಟೆ.

ಚಿತ್ರ ಹೋಯಿತು. ಕೆಳಗೆ ಗದ್ದಲ. ನಾನು ದೊಡ್ಡಪ್ಪಾ, ದೊಡ್ಡಪ್ಪಾ ಎಂದು ಕೂಗಿದರೆ ಯಾರಿಗೆ ಕೇಳಬೇಕು? ಆಗ ನನ್ನ ಬಾಯಿಗೆ ಬಂದದ್ದು ನಮ್ಮ ಕಡೆ ಲಕ್ಷ ಜನರನ್ನೂ ಸುಮ್ಮನಾಗಿಸುವ ಒಂದೇ ಮಾತು. ಮೈಲಾರದ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ದೇವರ ಸೇವೆಯ ಗೊರವಪ್ಪ ಕಂಬದಷ್ಟು ಎತ್ತರದ ಬಿಲ್ಲು ಏರಿ, ಮುಗಿಲು ನೋಡಿ, ಸದ್ದಲೇ ಎನ್ನುತ್ತಾನೆ. ಜನ, ದನ ಎಲ್ಲ ಉಸಿರು ಹಿಡಿಯುತ್ತವೆ. ಅವನ ಬಾಯಿಂದ ಆಗ ಬೀಳುವ ಒಂದೇ ಮಾತು ಕಾರಣಿಕ. ಅದು ದೇವರ ಮಾತು, ಮೀರುವಂತಿಲ್ಲ. ನಾವು ಮೈಲಾರಲಿಂಗನ ಒಕ್ಕಲು, ತಪ್ಪದೆ ಹೋಗುತ್ತಿದ್ದವರು, ಆ ಕೂಗು ನಮ್ಮ ರಕ್ತದಲ್ಲಿತ್ತು. ನನಗೆ ದೇವರು ಗೀವರು ಏನೂ ನೆನಪಿರಲಿಲ್ಲ. ಜನ ಬಾಯಿ ಮುಚ್ಚಿದರೆ ಸಾಕಿತ್ತು. ಗವಾಕ್ಷಿಗೆ ಮುಖ ಇಟ್ಟು ಗಂಟಲು ಹರಿಯುವ ಹಾಗೆ ಕೂಗಿದೆ:

"ಸದ್ದಲೇ!"

ಗಪ್‌ಚಿಪ್. ಹಸುಗೂಸು ಕೂಡ ಸುಮ್ಮನಾಯಿತು. ಆ ಮೌನದಲ್ಲಿ ನಾನು ಹೇಳಿದೆ:

"ಹತ್ತನೇ ಕ್ಲಾಸು ಮುಗಿಯೋ ತನಕ ಈ ಮನ್ಯಾಗ ಮದುವಿ ಆಗಂಗಿಲ್ಲ!"

ಕೆಳಗೆ ರುಮಾಲುಗಳು ಕಳಚಿದವು. ಅಜ್ಜಿ ಎರಡೂ ಕೈ ಎತ್ತಿ, ಏಳುಕೋಟಿ ಏಳುಕೋಟಿ ಏಳುಕೋಟ್ಯೋ ಎಂದು ಮೈಲಾರಪ್ಪನ ಜಯಕಾರ ಹಾಕಿ ನೆಲಕ್ಕೆ ಬಿದ್ದಳು. ಊರೆಲ್ಲ ದನಿಗೂಡಿಸಿತು. ಹುಡುಗನ ಅಪ್ಪ ಎದ್ದು ನಿಂತು ಗವಾಕ್ಷಿಗೆ ಕೈ ಮುಗಿದರು.

"ದೇವರ ಮಾತೈತೆ. ನಾವ್ಯಾರು ಮೀರಾಕೆ? ಕಾಯ್ತೀವಿ ಬಿಡ್ರಿ."

ನಾನು ಬೆಪ್ಪಾದೆ. ದೊಡ್ಡಪ್ಪ, ಯಾರಿಗೂ ತಲೆ ಬಾಗಿಸದ ದೊಡ್ಡಪ್ಪ, ಮುಖ ಮೇಲೆತ್ತಿ ಕೈ ಜೋಡಿಸಿ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ.

"ಯಾರು ಬಂದೀರಿ ತಂದೀ? ಮೈಲಾರಪ್ಪನ ಬಂದೀರೇನು?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಜ್ಜಿ ನೆಲದಿಂದ ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಆ ಮುದುಕಿ ಎಲ್ಲ ಬಲ್ಲವಳು. ಹೂಂ ಅನ್ನು, ಹೂಂ ಅನ್ನು ಎಂದು ಅವಳ ಕಣ್ಣು ಬೇಡುತ್ತಿತ್ತು. ಸಾಲಿ ನನ್ನ ಉಡಿಗೆ ಬಂದು ಬೀಳುತ್ತಿತ್ತು. ನನ್ನ ಬಾಯಿ ಹೂಂ ಎನ್ನಲು ತೆರೆಯಿತು ಕೂಡ. ಆದರೆ ಕೆಳಗೆ ಮುಗಿದ ಕೈಗಳನ್ನು ನೋಡಿದಾಗ ನನಗೆ ಬಂದದ್ದು ಸಿಟ್ಟು. ಇದೇ ಮಾತನ್ನು ತಿಂಗಳುಗಟ್ಟಲೆ ಅತ್ತು ಹೇಳಿದ್ದೆ, ಊಟ ಬಿಟ್ಟು ಹೇಳಿದ್ದೆ. ಆಗ ನಾಯಿ ಬೊಗಳಿದಷ್ಟೂ ಬೆಲೆ ಇರಲಿಲ್ಲ. ದೇವರು ಹೇಳಿದರೆ ಮಾತು, ಗಂಗಿ ಹೇಳಿದರೆ ಬೊಗಳೆಯೇ?

"ಯಾ ದೇವ್ರೂ ಅಲ್ಲ ದೊಡ್ಡಪ್ಪ. ನಾನು, ಗಂಗಿ. ನಾನ ಹೇಳಾಕತ್ತೀನಿ."

ಮುಗಿದ ಕೈಗಳು ಇಳಿದವು. ದೊಡ್ಡಪ್ಪನ ಮುಖ ಕೆಂಪಗಾಯಿತು.

"ಬೋಸುಡೀ, ಇಳಿ ಕೆಳಗ! ಹಲ್ಲು ಉದುರಸ್ತೀನಿ!"

"ಸಾಲಿಗೆ ಕಳಸ್ತೀನಿ ಅನ್ನು, ಇಳಿತೀನಿ. ಅಲ್ಲಿ ತನಕ ಕಂಬ ಇಲ್ಲೇ, ನಾನೂ ಇಲ್ಲೇ."

ದೊಡ್ಡಪ್ಪ ಬಾರುಕೋಲು ತೆಗೆದುಕೊಂಡು ಹಿತ್ತಲ ಕಡೆ ಹೊರಟ. ಅಡುಗೆ ಮನೆಯ ಬಾಗಿಲು ದಾಟಿಯೇ ಹಿತ್ತಲಿಗೆ ಹೋಗಬೇಕು. ಆ ಬಾಗಿಲಿನಲ್ಲಿ ಅವ್ವ ನಿಂತಿದ್ದಳು. ಸೆರಗು ತಲೆಯಿಂದ ಜಾರಿ ಹೆಗಲ ಮೇಲಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಭಾವನ ಮುಖಕ್ಕೆ ಮುಖ ಕೊಟ್ಟು ಅವಳು ಆಡಿದ ಮೊದಲ ಮಾತನ್ನು ನಾನು ಮಾಳಿಗೆಯ ಮೇಲಿನಿಂದ ಕೇಳಿದೆ.

"ಹೊಡಿಯೋದಿದ್ರ ನನ್ನ ಹೊಡಿರಿ ಭಾವ. ನಾನ ಕಳಿಸೀನಿ ಆಕಿನ್ನ ಮ್ಯಾಲೆ. ನನ್ನ ಮಗಳು ಓದ್ತಾಳ."

ದೊಡ್ಡಪ್ಪ ಬಾರುಕೋಲು ಹಿಡಿದವನು ಹಿಡಿದೇ ನಿಂತ. ಹುಡುಗನ ಅಪ್ಪ ಚಪ್ಪಲಿ ಮೆಟ್ಟಿದರು. ಇಂಥ ಬಾಯಿಯ ಹುಡುಗಿ ನಮ್ಮನೆಗೆ ಬೇಡ ಎಂದರು, ಬಸ್ಸಿಗೆ ಹೊರಟರು. ಹುಡುಗ ಮಾತ್ರ ಟಿ.ವಿ. ಕಡೆ ತಿರುಗಿ ತಿರುಗಿ ನೋಡುತ್ತ ಹೋದ, ಪಾಪ. ಅಂಗಳದ ಜನಕ್ಕೆ ಮದುವೆ ಹೋದದ್ದಲ್ಲ, ಸಿನಿಮಾ ಹೋದದ್ದು ದೊಡ್ಡ ಚಿಂತೆ.

"ಹೂಂ ಅನ್ರಲ್ಲ ಯಜಮಾನ್ರ! ಓದಿದ್ರ ನಿಮ್ ಗಂಟೇನು ಹೋಕ್ಕೈತಿ? ಅರ್ಧ ಸಿನಿಮಾ ಆಗ್ಲೇ ಹೋತು!"

ದೊಡ್ಡಪ್ಪ ಎಲ್ಲರ ಮುಖ ನೋಡಿದ, ಅವ್ವನ ಮುಖ ನೋಡಲಿಲ್ಲ. ಬಾರುಕೋಲು ಬಿಸಾಡಿ, ಹಾಳಾಗಿ ಹೋಗು, ಓದು ಎಂದು ಗೊಣಗಿದ.

"ಕೇಳಿಸಲಿಲ್ಲ ದೊಡ್ಡಪ್ಪಾ! ಜೋರಾಗಿ ಹೇಳು!"

"ಓದಲೇ ಮಾರಾಯ್ತೀ, ಓದು! ಕಂಬ ತಿರುವು!"

ತಿರುಗಿಸಿದೆ. ಸಿನಿಮಾ ಮುಗಿಯುವವರೆಗೂ ಹಿಡಿದು ನಿಂತೆ. ನಮ್ಮ ಕೇಂದ್ರದಿಂದ ಬಂದ ಮೊದಲ ಕನ್ನಡ ಸಿನಿಮಾವನ್ನು ನಾನು ನೋಡಲಿಲ್ಲ, ಕೇಳಿದೆ. ಪ್ರತಿಯೊಂದು ಮಾತೂ ತಿಳಿಯಿತು. ಕೆಳಗಿಳಿದಾಗ ಅಜ್ಜಿ ನನ್ನ ಬೆನ್ನಿಗೆ ಗುದ್ದಿದಳು.

"ಅಲ್ಲಲೇ, ದೇವ್ರು ಅಂದಿದ್ರ ಎಲ್ಲಾರೂ ಕಾಲಿಗೆ ಬೀಳ್ತಿದ್ರು. ಎದಕ ಹಿಂಗ ಮಾಡಿದಿ?"

"ಇವತ್ತು ದೇವ್ರು ಅಂದ್ರ, ನಾಳೆ ನಾ ಬಾಯಿ ತೆಗೆದಾಗ ದೇವ್ರು ಬರ್ಲಿ ತಡಿ ಅಂತಾರಜ್ಜಿ."

ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ. ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟ, ಆದರೆ ಆಡಿದ ಮಾತಿಗೆ ತಪ್ಪಲಿಲ್ಲ, ಅಷ್ಟು ಒಪ್ಪಿಕೊಳ್ಳುತ್ತೇನೆ. ಸೋಮವಾರ ಅವ್ವ ಜಡೆ ಹೆಣೆದು ಬಸ್ಸಿಗೆ ಕಳಿಸಿದಳು. ಹತ್ತನೇ ಕ್ಲಾಸು ಪಾಸಾದೆ. ಗುಡ್ಡದ ಮೇಲಿನ ಕೇಂದ್ರದಲ್ಲಿ ನನಗೆ ನೌಕರಿ ಸಿಗಲಿಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಿಕ್ಕಿತು. ಅದು ಬೇರೆ ಕತೆ. ನನಗೆ ಉರಿಯುವುದು ಇನ್ನೊಂದು. ಆ ಸಂಜೆ ಅಷ್ಟು ಜನರೆದುರು ಅಲ್ಲ ಎಂದು ನಾನು ಕೂಗಿ ಹೇಳಿದರೂ ಐದೂರಿನಲ್ಲಿ ಹಬ್ಬಿದ್ದು ಬೇರೆಯೇ ಸುದ್ದಿ. ಈಗಲೂ ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ವಯಸ್ಸಾದವರು ನನ್ನ ಗುರುತು ಹಿಡಿದು ಕೈ ಮುಗಿಯುತ್ತಾರೆ. ಟಿ.ವಿ. ಕಂಬ ಹಿಡಿದು ಕಾರಣಿಕ ನುಡಿದಾಕಿ ನೀವ ಅಲ್ಲೇನ್ರಿ, ಅವತ್ತು ನಿಮ್ಮ ಮೈಯಾಗ ಮೈಲಾರಪ್ಪ ಬಂದಿದ್ನಲ್ರಿ ಎನ್ನುತ್ತಾರೆ. ನಾನು ಅವರ ಕೈ ಹಿಡಿದು ಕೆಳಗಿಳಿಸುತ್ತೇನೆ.

"ದೇವ್ರು ಬಂದಿದ್ದಿಲ್ರಿ. ನಾನು ಬಂದಿದ್ದೆ."